ಹತ್ತು ಮಕ್ಕಳು ಕಮ್ಮಿ

ನಮ್ಮ ಯಜಮಾನರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಇದಕ್ಕಾಗಿ ಯಾರೂ ನನಗೆ ಸನ್ಮಾನ ಮಾಡಿಲ್ಲ. ಇವರು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ನಟ್ಟು, ಬೋಲ್ಟು, ವಾಷರು, ಬೇರಿಂಗು ಎಲ್ಲವೂ ಚೀಟಿ ಅಂಟಿಸಿಕೊಂಡು ಇವರ ಕಪಾಟುಗಳಲ್ಲಿ ಶಿಸ್ತಾಗಿ ಕೂತಿರುತ್ತವೆ. ಎಣಿಸುವ ಚಟ ಕಾರ್ಖಾನೆಯ ಗೇಟಿನೊಳಗೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮನೆಯಲ್ಲೂ ಚಮಚ ಎಣಿಸುತ್ತಾರೆ, ಬಟ್ಟೆ ಒಣಗಿಸುವ ಕ್ಲಿಪ್ಪು ಎಣಿಸುತ್ತಾರೆ. "ಹನ್ನೆರಡಿತ್ತು, ಹನ್ನೊಂದೇ ಇದೆ" ಎಂದು ಒಂದು ಕ್ಲಿಪ್ಪಿಗಾಗಿ ಅರ್ಧ ದಿನ ಮಂಚದ ಕೆಳಗೆ ತೂರಿಕೊಂಡಿದ್ದ ಮಹಾನುಭಾವರು.

ಇವರಿಗೆ ಇರುವುದು ಒಂದೇ ಶಾಸ್ತ್ರ. ಕಪಾಟಿನಲ್ಲಿ ಕಾಣದಿದ್ದರೆ ಇಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿ ಉಂಟು. ರಿಪೇರಿಗೆಂದು ಹೊರಗೆ ಕಳಿಸಿದ ಸಾಮಾನಿನ ಮುಂದೆ ಪಟ್ಟಿಯಲ್ಲಿ 'ಹೊರಗಿದೆ, ನಮ್ಮದು' ಎಂದು ಬರೆಯುತ್ತಾರೆ. ಒಮ್ಮೆ ಹೊಸದಾಗಿ ಬಂದ ಮ್ಯಾನೇಜರು ರಿಪೇರಿಗೆ ಹೋಗಿದ್ದ ಆರು ಮೋಟರುಗಳ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಇವರು ಅವರ ಕೋಣೆಯಲ್ಲೇ ದೊಡ್ಡ ರಂಪ ಮಾಡಿ, ಅದನ್ನು ನನಗೆ ಒಂದು ವಾರ ಹೇಳಿ ತಲೆ ತಿಂದಿದ್ದರು.

ಈ ಶಾಸ್ತ್ರವೇ ನನ್ನ ಹೊಟ್ಟೆ ಉರಿಸಿದ್ದು. ದೊಡ್ಡವನು ಕಾಲೇಜಿಗೆ ಹೋಗುತ್ತಾನೆ. ಮಗಳು ಪುಟ್ಟಿ ಮೂರು ವರ್ಷದ ಹಿಂದೆ, ಹನ್ನೊಂದು ತುಂಬುವ ಮೊದಲೇ, ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ, ಮಕ್ಕಳೆಷ್ಟು ಎಂದು ಯಾರು ಕೇಳಿದರೂ ನಾನು "ಇಬ್ಬರು" ಅನ್ನುತ್ತೇನೆ. ಇವರು ಪಕ್ಕದಲ್ಲೇ ನಿಂತು "ಒಬ್ಬ" ಅನ್ನುತ್ತಾರೆ. ಕೇಳಿದವರು ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಮನೆಗೆ ಬಂದು ನಾನು ಕೂಗಾಡುತ್ತೇನೆ, ಇವರು ಚಮಚ ಎಣಿಸುತ್ತಾರೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಹೆತ್ತ ಅಪ್ಪ ಅವಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದರ ಮಧ್ಯೆ ಕನ್ನಡಕದ ಅಂಗಡಿಯವರು. ನಮ್ಮ ಚರ್ಚಿನ ಹಿರಿಯರು, ನಾಲಿಗೆಯ ಮೇಲೆ ಸದಾ ಒಂದು ಉಪದೇಶ. ಪುಟ್ಟಿಯನ್ನು ಮಣ್ಣು ಮಾಡಿದ ಮರುದಿನ ನಮ್ಮ ಮನೆಗೆ ಬಂದು ಕೂತರು. ಬೈಬಲಿನ ಯೋಬನ ಕಥೆ ತೆಗೆದರು. ಅವನು ದನಕರು, ಹೆತ್ತ ಮಕ್ಕಳು, ಎಲ್ಲ ಕಳಕೊಂಡರೂ ಎಷ್ಟು ತಾಳ್ಮೆಯಿಂದಿದ್ದ, ಅದಕ್ಕೇ ದೇವರು ಅವನಿಗೆ ಎಲ್ಲವನ್ನೂ ಎರಡರಷ್ಟು ಕೊಟ್ಟ, ನಿಮಗೂ ಕೊಡುತ್ತಾನೆ ಎಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಮಗೇ ಗೊತ್ತಿಲ್ಲದ ಪಾಪ ಏನಾದ್ರೂ ಇದೆಯಾ ಅಂತ ಒಂದ್ಸಲ ಮನಸ್ಸನ್ನ ಪರೀಕ್ಷೆ ಮಾಡ್ಕೊಳ್ಳಿ" ಎಂದೂ ಹೇಳಿದರು. ಸತ್ತ ಮನೆಯಲ್ಲಿ ಆಡುವ ಮಾತೇ ಇದು? ಅವತ್ತಿನಿಂದ ಇವರು ಅವರೊಂದಿಗೆ ಮಾತು ಬಿಟ್ಟರು. ಊಟದ ಮುಂಚೆ ಪ್ರಾರ್ಥನೆ ಹೇಳುವುದನ್ನೂ ಬಿಟ್ಟರು. ಆ ಕೆಲಸವೂ ನನ್ನ ತಲೆಗೇ ಬಂತು.

ಹೋದ ತಿಂಗಳು ಇದ್ದಕ್ಕಿದ್ದಂತೆ ಬೈಬಲು ತೆಗೆದು ಯೋಬನ ಪುಸ್ತಕ ಓದತೊಡಗಿದರು. ಭಕ್ತಿ ಬಂತು ಎಂದು ನಾನು ಹಿಗ್ಗಿದೆ. ಭಕ್ತಿಯೂ ಇಲ್ಲ ಮಣ್ಣೂ ಇಲ್ಲ, ಕೈಯಲ್ಲಿ ಪೆನ್ಸಿಲು! ಆ ಕನ್ನಡಕದವರು ಹೇಳಿದ್ದರಲ್ಲಿ ತಪ್ಪು ಹುಡುಕುತ್ತಿದ್ದರು. ದಿನಾ ಅಡುಗೆಮನೆಗೆ ಬಂದು ವರದಿ. "ತಾಳ್ಮೆ ಎಲ್ಲಿದೆಯೇ ಇವನಿಗೆ? ಹುಟ್ಟಿದ ದಿನಾನೇ ಶಪಿಸ್ತಾನೆ. ಅಧ್ಯಾಯಗಟ್ಟಲೆ ದೇವರ ಜೊತೆ ಜಗಳ!" ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೊನೆಯ ಅಧ್ಯಾಯದ ದಿನ ಮಾತ್ರ ನಿಧಿ ಸಿಕ್ಕವರ ಹಾಗೆ ಓಡಿ ಬಂದರು. "ಸಿಕ್ಕಿಬಿತ್ತು! ಹತ್ತು ಕಮ್ಮಿ!"

ಮರುದಿನ ನಾನು ಕನ್ನಡಕ ಬದಲಾಯಿಸಲು ಹೋಗುವುದಿತ್ತು. ಮೂರು ವರ್ಷ ಆ ಅಂಗಡಿಯ ಬೀದಿಗೇ ಕಾಲಿಡದ ಇವರು ಕಂಕುಳಲ್ಲಿ ಬೈಬಲಿಟ್ಟುಕೊಂಡು ನನಗಿಂತ ಮುಂದೆ ನಡೆದರು. ಕನ್ನಡಕದವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಆ ಭಾರದ ಚೌಕಟ್ಟು ಏರಿಸಿ, ಒಂದು ಕಣ್ಣು ಮುಚ್ಚಿಸಿದ್ದರು. ಅಷ್ಟರಲ್ಲಿ ಇವರು ಶುರು ಮಾಡಿಯೇಬಿಟ್ಟರು.

"ಕುರಿ ಏಳು ಸಾವಿರ ಇತ್ತು, ಕೊನೇಲಿ ಹದಿನಾಲ್ಕು ಸಾವಿರ. ಸರಿ. ಒಂಟೆ ಮೂರು ಸಾವಿರ, ಆಮೇಲೆ ಆರು. ಸರಿ. ಎತ್ತು, ಕತ್ತೆ, ಎಲ್ಲಾ ಎರಡರಷ್ಟು. ಮಕ್ಕಳು? ಮೊದಲು ಏಳು ಗಂಡು ಮೂರು ಹೆಣ್ಣು. ಕೊನೇಲೂ ಏಳು ಗಂಡು ಮೂರು ಹೆಣ್ಣು! ಇಪ್ಪತ್ತಿರಬೇಕಿತ್ತು. ಹತ್ತು ಕಮ್ಮಿ. ನನ್ನ ಮನೇಲಿ ಕೂತು ಎಲ್ಲಾ ಎರಡರಷ್ಟು ಅಂದ್ರಲ್ಲ, ಇದಕ್ಕೆ ಯಾರು ಜವಾಬ್ದಾರಿ?"

ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿದರು. ಇನ್ನೇನು ಉಪದೇಶ ಬಂತು ಎಂದು ನಾನು ಹಲ್ಲು ಕಚ್ಚಿಕೊಂಡೆ.

"ನಾನು ಯಾವತ್ತೂ ಎಣಿಸಿ ನೋಡಿರ್ಲಿಲ್ಲ" ಎಂದರು. "ಅವತ್ತು ನಿಮ್ಮ ಮುಖ ನೋಡಿ ಏನು ಹೇಳ್ಬೇಕೋ ತೋಚಲಿಲ್ಲ. ಸುಮ್ಮನೆ ಕೂತಿದ್ರೆ ಆಗ್ತಿತ್ತು. ಬಾಯಿಗೆ ಬಂದಿದ್ದು ಆಡ್ಬಿಟ್ಟೆ. ಪಾಪದ ಮಾತು ಆಡಿದ್ದಂತೂ ದೊಡ್ಡ ತಪ್ಪು. ಆಮೇಲೆ ನಿಮ್ಮ ಬಾಗಿಲಿಗೆ ಬರೋಕೂ ಮುಖ ಇರಲಿಲ್ಲ."

ಇವರು ಜಗಳಕ್ಕೆ ಸಿದ್ಧವಾಗಿ ಬಂದವರು, ಕ್ಷಮೆಗಲ್ಲ. ಒಂದು ಕ್ಷಣ ತಬ್ಬಿಬ್ಬಾದರು. ಸುಮ್ಮನಾದರೇ? ಇಲ್ಲ. "ತಪ್ಪಾಯ್ತು ಅಂದ್ರೆ ಆ ಹತ್ತು ಜನ ಬರ್ತಾರಾ?"

ನನ್ನ ಪಿತ್ತ ನೆತ್ತಿಗೇರಿತು. ಮುಚ್ಚಿದ ಕಣ್ಣು ಮುಚ್ಚಿದ ಹಾಗೇ ಎದ್ದು ನಿಂತೆ.

"ಸಾಕು ನಿಲ್ಸ್ರೀ! ಕುರಿ ಸತ್ರೆ ಸತ್ತೇ ಹೋಯ್ತು, ಅದಕ್ಕೆ ಎರಡರಷ್ಟು ಕೊಡ್ಬೇಕಾಯ್ತು. ಮಕ್ಕಳು ಇಲ್ಲವಾದ್ರು ಅಂತ ನಿಮಗೆ ಯಾರು ಹೇಳಿದ್ದು? ಮೊದಲಿನ ಹತ್ತೂ ದೇವರ ಹತ್ರ ಇದ್ದಾರೆ. ಅಲ್ಲಿ ಹತ್ತು, ಇಲ್ಲಿ ಹತ್ತು. ಇಪ್ಪತ್ತಾಗಲಿಲ್ವಾ? ರಿಪೇರಿಗೆ ಹೋದ ಮೋಟರನ್ನ ಪಟ್ಟಿಯಿಂದ ಹೊಡೆದಿದ್ದಕ್ಕೆ ಮ್ಯಾನೇಜರ ಮೇಲೆ ಹಾರಾಡಿದ್ರಲ್ಲ, ನನ್ನ ಪುಟ್ಟಿ ಒಂದು ಮೋಟರಿಗಿಂತ ಕಡೆಯಾದಳಾ?"

ನಾನು ಬೈಬಲು ಅರೆದು ಕುಡಿದವಳಲ್ಲ. ಸಿಟ್ಟಿನಲ್ಲಿ ಬಂದ ಮಾತು. ಆದರೆ ಆಡಿದ ಮೇಲೆ, ಅದು ನನಗೆ ಮೂರು ವರ್ಷದಿಂದ ಗೊತ್ತಿತ್ತು ಅನ್ನಿಸಿ ಅಳು ಬಂತು. ಆ ಹಾಳು ಚೌಕಟ್ಟಿನೊಳಗೆ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಇವರು ಬೈಬಲಿನ ಆ ಪುಟವನ್ನೇ ನೋಡುತ್ತ ನಿಂತರು. ಬೆರಳು ಮಡಚಿ ಮಡಚಿ ಎಣಿಸುತ್ತಿದ್ದರು, ನಾನೇ ಕಂಡೆ. ಹೊರಡುವಾಗ ಕನ್ನಡಕದವರು ಒಂದು ಹಾಳೆ ಕೊಟ್ಟರು. ಚರ್ಚಿನ ಕುಟುಂಬಗಳ ಹೊಸ ಪಟ್ಟಿ ತಯಾರಾಗುತ್ತಿದೆ, ತುಂಬಿ ಕೊಡಿ ಎಂದರು. ಆಮೇಲೆ ತಡವರಿಸುತ್ತ, "ಆ ಕಥೇಲಿ, ನೀನೇ ಪಾಪ ಮಾಡಿರ್ಬೇಕು ಅಂತ ತಪ್ಪು ಮಾತಾಡಿದ ಸ್ನೇಹಿತರಿಗಾಗಿ ಯೋಬನೇ ಪ್ರಾರ್ಥನೆ ಮಾಡ್ತಾನೆ. ನನಗೂ ಒಂದ್ಸಲ..." ಎಂದರು.

"ನೋಡೋಣ" ಎಂದರು ಇವರು. ಅಷ್ಟು ಹೇಳಲೂ ಎಂಥ ಬಿಗುಮಾನ!

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಕಣ್ಣು ಮುಚ್ಚಿ ಶುರು ಮಾಡುವ ಮೊದಲೇ ಇವರು ಗಂಟಲು ಸರಿಮಾಡಿಕೊಂಡರು. "ದೇವರೇ, ಆ ಕನ್ನಡಕದವರು ನಮಗೆ ಬಹಳ ನೋವು ಕೊಟ್ರು. ನಿನಗೂ ಗೊತ್ತು. ಅವರನ್ನ ಚೆನ್ನಾಗಿಡು. ಮಾತಾಡೋ ಮುಂಚೆ ಸ್ವಲ್ಪ ಯೋಚನೆ ಮಾಡೋ ಬುದ್ಧೀನೂ ಕೊಡು. ಆಮೆನ್." ಮೂರು ವರ್ಷದ ಮೇಲೆ ಹೇಳಿದ ಪ್ರಾರ್ಥನೆ ಇದು! ದೊಡ್ಡವನು ನಗು ತಡೆಯಲಾಗದೆ ನೀರು ಕುಡಿದ.

ಊಟವಾದ ಮೇಲೆ ಆ ಹಾಳೆ ತೆಗೆದುಕೊಂಡು ಮೇಜಿಗೆ ಕೂತರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅತ್ತ ನೋಡಲಿಲ್ಲ. ಏನು ಬರೆಯುತ್ತಾರೋ ಎಂದು ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದೆ. ತುಂಬಿ ಮುಗಿಸಿ, ಹಾಳೆಯನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ ಮಲಗಿಬಿಟ್ಟರು.

ಕೈ ಒರೆಸಿಕೊಂಡು ಹೋಗಿ ನೋಡಿದೆ. ಮಕ್ಕಳ ಸಂಖ್ಯೆ, ಎರಡು. ದೊಡ್ಡವನ ಹೆಸರಿನ ಮುಂದೆ 'ಮನೆಯಲ್ಲಿ' ಎಂದಿತ್ತು. ಅದರ ಕೆಳಗೆ ಪುಟ್ಟಿಯ ಪೂರ್ತಿ ಹೆಸರು. ಮುಂದೆ, ಕಪಾಟಿನ ಚೀಟಿಗಳ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, 'ಹೊರಗಿದ್ದಾಳೆ, ನಮ್ಮವಳು.'