ನಾಲಿಗೆ ಉಜ್ಜದ ಮೂರು ದಿನ

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಾವಿದ್ದ ಬಾಡಿಗೆ ಮನೆಯ ಗೋಡೆಗಳು ತೀರಾ ತೆಳು. ಹೋದ ಹೊಸತರಲ್ಲಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಒಂದು ದಿನ ನನ್ನನ್ನು ಬೇಲಿಯ ಹತ್ತಿರ ಕರೆದು, ನಿನ್ನ ಗಂಡನನ್ನು ಜಿಪಿ ಡಾಕ್ಟರಿಗೆ ತೋರಿಸಿದೆಯಾ ಎಂದು ಬಹಳ ಮರುಕದಿಂದ ಕೇಳಿದರು. ದಿನಾ ಬೆಳಿಗ್ಗೆ ಅವನು ವಾಂತಿ ಮಾಡುವುದು ಅವರ ಬಚ್ಚಲಿಗೆ ಕೇಳಿಸುತ್ತಿತ್ತಂತೆ. ಅದು ವಾಂತಿಯಲ್ಲ, ಅವನು ನಾಲಿಗೆ ಉಜ್ಜುವ ಸದ್ದು ಎಂದು ನಾನು ವಿವರಿಸಿದೆ. ಸ್ಟೀಲಿನ ಪಟ್ಟಿಯನ್ನು ಗಂಟಲವರೆಗೆ ಇಳಿಸಿ ಎಳೆದರೆ ಹಾಗೆ ಓಕರಿಕೆ ಬರುತ್ತದೆ, ಬರದಿದ್ದರೆ ಸರಿಯಾಗಿ ಉಜ್ಜಿಲ್ಲವೆಂದೇ ಲೆಕ್ಕ ಎಂದೆ. ಅಜ್ಜಿ ಎಲ್ಲವೂ ಅರ್ಥವಾದಂತೆ ತಲೆಯಾಡಿಸಿದರು. ಮರುದಿನ ಅವನಿಗೆಂದು ಒಂದು ಪಾತ್ರೆ ಸೂಪ್ ಮಾಡಿ ತಂದುಕೊಟ್ಟರು.

ಜಗತ್ತಿನಲ್ಲಿ ಎಲ್ಲರೂ ನಮ್ಮ ಹಾಗೆ ನಾಲಿಗೆ ಉಜ್ಜುವುದಿಲ್ಲ ಎಂದು ಅವತ್ತೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಸೂಪ್ ಬಿಸಿ ಮಾಡಿಕೊಂಡು ಕುಡಿದೆ.

ಮೈಸೂರಿನಲ್ಲಿ ಬಿ.ಫಾರ್ಮಾ ಓದಿಕೊಂಡು ಹೋಗಿದ್ದ ನನಗೆ ಆಗ ಲಂಡನ್ನಿನ ಒಂದು ಯೂನಿವರ್ಸಿಟಿಯ ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿತ್ತು. ನಿದ್ದೆ ಬಾರದವರಿಗೆ ಚೀನಾದ ಸಾಂಪ್ರದಾಯಿಕ ಔಷಧಿ ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುವ ಸಂಶೋಧನೆ ಅದು. ಬಂದವರಲ್ಲಿ ಅರ್ಧ ಜನರಿಗೆ ಗಿಡಮೂಲಿಕೆಯ ಕಂದು ಪುಡಿ, ಇನ್ನರ್ಧ ಜನರಿಗೆ ಅದೇ ಬಣ್ಣದ, ಅದೇ ಕಹಿಯ, ಒಳಗೆ ಏನೂ ಇಲ್ಲದ ಹುಸಿ ಪುಡಿ. ಯಾರಿಗೆ ಯಾವುದು ಹೋಯಿತೆಂದು ಕೊಡುವ ನಮಗೂ ಗೊತ್ತಿರುವುದಿಲ್ಲ. ಜನರನ್ನು ಹುಡುಕಿ ತರುವುದು, ಅವರಿಗೆಲ್ಲ ತಿಳಿಸಿ ಹೇಳುವುದು, ಪೊಟ್ಟಣ ಹಂಚುವುದು ನನ್ನ ಕೆಲಸ.

ಪೊಟ್ಟಣಕ್ಕೆ ಮೊದಲು ಪ್ರತಿಯೊಬ್ಬರನ್ನೂ ಚೀನೀ ಡಾಕ್ಟರಮ್ಮ ನೋಡಬೇಕಿತ್ತು. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಿದ್ದರು, ಆಮೇಲೆ ದೀಪ ಹಾಕಿ ನಾಲಿಗೆ ನೋಡುತ್ತಿದ್ದರು. ನಾಲಿಗೆಯ ಮೇಲಿನ ಪೊರೆ ಬಿಳಿಯೋ ಹಳದಿಯೋ, ತೆಳುವೋ ದಪ್ಪವೋ ಎನ್ನುವುದರ ಮೇಲೆ ಯಾವ ಮೂಲಿಕೆಗಳ ಪುಡಿ ಎಂದು ಅವರು ಬರೆಯುತ್ತಿದ್ದರು, ಕೊನೆಗೆ ಸಿಗುವುದು ಅಸಲಿಯೋ ಹುಸಿಯೋ ಎಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಪೊರೆಯೇ ಅವರ ಸಾಕ್ಷಿ.

ನಮ್ಮ ಪ್ರೊಫೆಸರಿಗೆ ಒಂದು ಕೊರಗಿತ್ತು. ಪರೀಕ್ಷೆಗೆ ಬಂದವರೆಲ್ಲ ಬಿಳಿಯರು, ಏಷ್ಯಾದವರು ಇಲ್ಲವೇ ಇಲ್ಲ ಎಂದು. ನಿನ್ನವರನ್ನು ಯಾರನ್ನಾದರೂ ಕರೆತಾ ಎಂದರು. ನನ್ನವರು ಎಂದರೆ ಇನ್ಯಾರು, ಈಸ್ಟ್ ಹ್ಯಾಮ್‌ನ ಹಾಲ್‌ನಲ್ಲಿ ಕನ್ನಡದವರ ಯುಗಾದಿ ಊಟವಿತ್ತು, ಅಲ್ಲಿಗೆ ಹೋದೆ. ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ ಐದು ನಿಮಿಷ ಮಾತಾಡಲು ಬಿಟ್ಟರು. ಹೋಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಚೀನಾ ಔಷಧಿಯ ವಿಚಾರ ಯಾರಿಗೆ ಬೇಕು? ಒಬ್ಬರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡು ಸಿಟ್ಟಿನಲ್ಲೇ ಪಂಕ್ತಿಗೆ ಕೂತೆ.

ಒಬ್ಬರು ಕೇಳಿಸಿಕೊಂಡಿದ್ದರು. ಅಲ್ಲೇ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಕುಂದಾಪುರದವರೊಬ್ಬರ ತಾಯಿ. ಎಪ್ಪತ್ತರ ಹತ್ತಿರದವರು. ಊಟ ಮುಗಿಸಿ ಕೈ ತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತರು.

"ಹೆಣೆ, ನಂಗೆ ರಾತ್ರಿ ನಿದ್ರಿ ಬತ್ತೇ ಇಲ್ಲ. ವರ್ಷ ಎಷ್ಟಾಯ್ತೋ ನೆನಪಿಲ್ಲ. ಆ ಚೀನಾ ಮದ್ದ್ ನಂಗೂ ಸಿಕ್ಕತ್ತಾ?"

ಅವರ ಕಣ್ಣಿನ ಕೆಳಗೆ ಮಸಿ ಬಳಿದಷ್ಟು ಕಪ್ಪಾಗಿತ್ತು. ಅರ್ಧ ಜನರಿಗೆ ಹುಸಿ ಪುಡಿ ಎಂಬ ನಿಯಮವನ್ನು ಅಲ್ಲೇ ವಿವರಿಸಿದೆ. ಅವರ ಮಗ ಜೊತೆಗೇ ನಿಂತಿದ್ದರು.

"ಅಲ್ಲ ಮೇಡಂ, ನಾನು ಅರ್ಧ ಟೇಬಲ್ಲಿಗೆ ಕಾಫಿ ಕೊಟ್ಟು ಅರ್ಧ ಟೇಬಲ್ಲಿಗೆ ಬಣ್ಣದ ನೀರು ಕೊಟ್ರೆ ಕೌನ್ಸಿಲ್‌ನವರು ಬಂದು ಬೀಗ ಹಾಕ್ತಾರೆ" ಎಂದರು ಅವರು.

"ಸುಮ್ನಿರಾ. ಅರ್ಧ ಜನಕ್ಕಾದ್ರೂ ಸಿಕ್ಕತ್ತಲೆ" ಎಂದರು ಅಮ್ಮ. ಅಷ್ಟಕ್ಕೂ ಒಪ್ಪುವಷ್ಟು ಅವರಿಗೆ ನಿದ್ದೆ ಬೇಕಾಗಿತ್ತು.

ಅವರ ಹಿಂದೆ ಧಾರವಾಡದ ಡಾಕ್ಟರೊಬ್ಬರ ಹೆಂಡತಿಯೂ, ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿದ್ದ ಒಬ್ಬ ಬೆಂಗಳೂರಿನವನೂ ಹೆಸರು ಕೊಟ್ಟರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮುಂದಿನ ವಾರ ಮೂವರೂ ಕ್ಲಿನಿಕ್‌ಗೆ ಬಂದರು. ಮೊದಲು ಬ್ಯಾಂಕಿನವನು ನಾಲಿಗೆ ಚಾಚಿದ. ಡಾಕ್ಟರಮ್ಮ ದೀಪವನ್ನು ಹತ್ತಿರ ತಂದರು, ದೂರ ಒಯ್ದರು. ಧಾರವಾಡದವರದನ್ನು ನೋಡಿ ಕನ್ನಡಕ ಒರೆಸಿಕೊಂಡರು. ಕುಂದಾಪುರದಮ್ಮನದನ್ನು ನೋಡಿದಾಗ ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. ಪೊರೆ ಎನ್ನುವುದು ಹೆಸರಿಗೂ ಇಲ್ಲ. ತಿಕ್ಕಿ ತೊಳೆದ ಕೆಂಪು ನಾಲಿಗೆ. ಅವರ ಶಾಸ್ತ್ರದ ಪ್ರಕಾರ ಹಾಗಿದ್ದರೆ ದೇಹದೊಳಗಿನ ತಂಪೆಲ್ಲ ಬತ್ತಿಹೋಗಿದೆ ಎಂದರ್ಥ. ಇಂಗ್ಲಿಷರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಅಮ್ಮನಿಗೆ ಅರ್ಧ ವಾಕ್ಯ ಸಾಕಾಯಿತು.

"ಉಷ್ಣ ಅಲ್ದಾ? ಅಷ್ಟ್ ಹೇಳುಕೆ ಇಷ್ಟ್ ದೊಡ್ಡ್ ಕಟ್ಟಡ ಬೇಕಿತ್ತಾ?"

ಎಲ್ಲರೂ ಹೋದಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, ತಮ್ಮ ಚೂರುಪಾರು ಇಂಗ್ಲಿಷಿನಲ್ಲಿ, ನಿಮ್ಮ ರಾಜ್ಯದಲ್ಲಿ ನೀರಿಗೆ ಬಹಳ ಕಷ್ಟವೇ ಎಂದು ಮೆಲ್ಲಗೆ ಕೇಳಿದರು. ಮೂವರೂ ಬೇರೆ ಬೇರೆ ಊರಿನವರು, ಮೂವರ ಒಳಗೂ ಒಂದೇ ಬರ. ಕಾವೇರಿಯ ಜಗಳದ ವಿಷಯ ಇವರವರೆಗೆ ಹೇಗೆ ಬಂತಪ್ಪಾ ಎಂದು ನಾನು ಬೆಪ್ಪಾದೆ. ಆಮೇಲೆ ಅವರು ನಿನ್ನ ನಾಲಿಗೆಯನ್ನೂ ತೋರಿಸು ಎಂದರು. ತೋರಿಸಿದೆ. ಅವರ ಮುಖ ಇನ್ನಷ್ಟು ಚಿಕ್ಕದಾಯಿತು. ದಿನಾ ಪೇರ್ ಹಣ್ಣು ತಿನ್ನು, ಬೇಯಿಸಿಕೊಂಡು ತಿಂದರೆ ಒಳ್ಳೆಯದು ಎಂದರು.

ಔಷಧದ ವಿಷಯದಲ್ಲಿ ಡಿಗ್ರಿ ಮಾಡಿದವಳು ನಾನು, ನಂಬುವುದು ಬಿಡುವುದು ನನ್ನ ಕೆಲಸವಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದವಳು. ಅವತ್ತು ಸಂಜೆ ರೈಲು ಇಳಿದವಳೇ ಒಂದು ಚೀಲ ಪೇರ್ ಹಣ್ಣು ಕೊಂಡುಕೊಂಡೆ. ಗಂಡನಿಗೂ ಬೇಯಿಸಿ ಕೊಟ್ಟೆ, ಒಂದೇ ಮನೆಯಲ್ಲಿ ಒಣಗುತ್ತಿದ್ದೇವಲ್ಲ ಎಂದು.

ಕೆಲವು ದಿನದ ಮೇಲೆ, ಬೆಳಿಗ್ಗೆ ಬಚ್ಚಲಿನಲ್ಲಿ ಟಂಗ್ ಕ್ಲೀನರ್ ಬಾಯಿಗಿಟ್ಟು ಎಳೆದೆ. ಪಟ್ಟಿಯ ಮೇಲೆ ಬಿಳಿಯ ಪೊರೆ ಬಂತು. ಅದನ್ನೇ ನೋಡುತ್ತ ನಿಂತೆ. ಡಾಕ್ಟರಮ್ಮ ದೀಪ ಹಾಕಿ ಹುಡುಕಿದ್ದ ಸಾಕ್ಷಿಯನ್ನು ನಾವೆಲ್ಲ ಬೆಳಿಗ್ಗೆಯೇ ಸಿಂಕಿಗೆ ತೊಳೆದು ಬಿಟ್ಟು ಹೋಗಿದ್ದೆವು. ಡಾಕ್ಟರ ಹತ್ತಿರ ಹೋಗುವುದಿದೆ ಎಂದು ಇನ್ನೂ ನಾಲ್ಕು ಸಲ ಜಾಸ್ತಿಯೇ ಉಜ್ಜಿಕೊಂಡು ಹೋಗಿದ್ದೆವು. ನಾನು ನಗುತ್ತ ಕೆಮ್ಮಿದ ಸದ್ದಿಗೆ ಪಕ್ಕದ ಮನೆಯವರು ಗೋಡೆ ತಟ್ಟಿ, ಎಲ್ಲ ಸರಿಯಿದೆಯೇ ಎಂದು ಕೂಗಿದರು.

ಡಾಕ್ಟರಮ್ಮನಿಗೆ ಟಂಗ್ ಕ್ಲೀನರನ್ನೇ ತಂದು ತೋರಿಸಿದೆ. ಅವರು ಅದನ್ನು ಬಗ್ಗಿಸಿ, ತಿರುಗಿಸಿ ನೋಡಿ, ಇಷ್ಟು ವರ್ಷದ ವೃತ್ತಿಯಲ್ಲಿ ಯಾರೂ ಇಷ್ಟು ಚೊಕ್ಕಟವಾಗಿ ತಮಗೆ ಮೋಸ ಮಾಡಿರಲಿಲ್ಲ ಎಂದರು. ಆಮೇಲೆ ತೀರ್ಪು ಕೊಟ್ಟರು. ಮೂರು ದಿನ ಯಾರೂ ನಾಲಿಗೆ ಮುಟ್ಟಕೂಡದು. ಅದೇ ಮೂರು ದಿನ, ಹಗಲೂ ರಾತ್ರಿ, ನಿದ್ದೆ ಅಳೆಯುವ ಪಟ್ಟಿಯೊಂದನ್ನು ಎಲ್ಲರೂ ಕೈಗೆ ಕಟ್ಟಿಕೊಳ್ಳಬೇಕಿತ್ತು. ಪೊರೆಯಿಲ್ಲದೆ ಬಂದವರಿಗೆ ಪುಡಿಯಿಲ್ಲ.

ಇದನ್ನು ನಮ್ಮವರಿಗೆ ಹೇಳುವುದಕ್ಕಿಂತ ಉಪವಾಸ ಮಾಡಿ ಎನ್ನುವುದು ಸುಲಭವಿತ್ತು. ಬ್ಯಾಂಕಿನವನು, ಮೀಟಿಂಗ್ ಇದೆ ಎಂದು ಫೋನಿನಲ್ಲೇ ಕೈಮುಗಿದ. ಧಾರವಾಡದವರು ಒಪ್ಪಿಕೊಂಡು ಎರಡನೇ ದಿನಕ್ಕೇ ಫೋನ್ ಮಾಡಿದರು.

"ನನ್ನ ಕೈಲೆ ಆಗಂಗಿಲ್ರಿ. ಮನ್ಯಾಗ ಬಾಯಿ ತೆರಿಯಾಕೂ ನಾಚಿಕಿ ಆಗೇತಿ. ನಮ್ಮ ಮನಿಯವ್ರಿಗೆ ಮಾತ್ರ ಭಾಳ ಚಲೋ ಅನ್ನಿಸೇತಿ, ಇನ್ನೊಂದು ವಾರ ನಡೀಲಿ ಅಂತಾರ."

ಉಳಿದದ್ದು ಕುಂದಾಪುರದಮ್ಮ. ಅವರ ಮನೆ ಹೋಟೆಲಿನ ಮೇಲೆಯೇ. ನಾನೇ ಹೋಗಿ ಹೇಳಿದ್ದನ್ನು ಅವರು ಒಂದೊಂದಾಗಿ ಖಚಿತಪಡಿಸಿಕೊಂಡರು.

"ಹಲ್ಲ್ ತಿಕ್ಕುಕಾತ್ತ್, ನಾಲ್ಗಿ ಮಾತ್ರ ಬೇಡ. ಅಲ್ದಾ? ನಾಲ್ಗಿ ತಿಕ್ದೆ ದೇವ್ರಿಗೆ ದೀಪ ಹಚ್ಚುಕಾತ್ತಾ? ಒಲೆ ಮುಟ್ಟುಕಾತ್ತಾ?"

ಬೇಡವಾದರೆ ಬಿಡಿ ಎಂದೆ. ಹೇಳುವಾಗ ನನಗೇ ಬೇಜಾರಾಯಿತು. ಆ ಕಣ್ಣುಗಳು ಒಂದು ರಾತ್ರಿ ಮುಚ್ಚಿದರೆ ಸಾಕು ಎಂದು ನನಗೂ ಅನ್ನಿಸಿತ್ತು. ಅವರು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ಯೋಚಿಸಿದರು.

"ಸೂತಕ ಬಂದ್ರೆ ಕೂಕಂತಿಲ್ಯಾ? ಹಾಂಗೇ ನಾನ್ ಮೂರ್ ದಿನ ಮೈಲ್ಗಿ ಅಂದೇಳಿ ಕೂಕಂತೆ. ದೇವ್ರಿಗೂ ತೊಂದ್ರಿಲ್ಲ, ಆ ಡಾಕ್ಟರ್ತಿಗೂ ತೊಂದ್ರಿಲ್ಲ."

ಮಡಿ ಮೈಲಿಗೆ ಎಂದರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ಅದನ್ನೆಲ್ಲ ಬಿಟ್ಟು ಬಂದೆನೆಂದು ಹೆಮ್ಮೆ ಬೇರೆ. ಈಗ ಯೂನಿವರ್ಸಿಟಿಯ ಸಂಶೋಧನೆಯೊಂದು ಲಂಡನ್ನಿನಲ್ಲಿ ಹೊಸ ಬಗೆಯ ಮೈಲಿಗೆಯನ್ನು ಹುಟ್ಟಿಸಿತ್ತು, ಅದಕ್ಕೆ ನಾನೇ ಸೂಲಗಿತ್ತಿ. ಆದರೂ ಬಾಯಿ ಮುಚ್ಚಿಕೊಂಡು ಅವರ ಕೈಗೆ ಪಟ್ಟಿ ಕಟ್ಟಿದೆ.

ಅಮ್ಮ ಮೇಲಿನ ಕೋಣೆ ಸೇರಿದರು. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ಹುದುಗಿದೆಯೇ ಎಂದು ನೋಡುವುದು, ಚಟ್ನಿಗೆ ತಾವೇ ಉಪ್ಪು ಹಾಕುವುದು, ರಾತ್ರಿ ಹೋಟೆಲು ಮುಚ್ಚುವವರೆಗೆ ಸಾಂಬಾರಿನ ಮೇಲೆ ಕಣ್ಣಿಡುವುದು, ಎಲ್ಲ ನಿಂತಿತು. ಮಗ ದೇವರ ದೀಪ ಹಚ್ಚಿದರು, ತಟ್ಟೆಯನ್ನು ಮೇಲಕ್ಕೆ ಒಯ್ದುಕೊಟ್ಟರು. ಗಿರಾಕಿಗಳಿಗೆ ಚಟ್ನಿಯ ರುಚಿ ಕೆಟ್ಟದ್ದು ಗೊತ್ತಾಯಿತು. ಮಗ ನನಗೆ ಫೋನ್ ಮಾಡಿ, "ಮೇಡಂ, ನಿಮ್ಮ ಚೀನಾದವರಿಂದ ನನ್ನ ವ್ಯಾಪಾರಕ್ಕೆ ಕಲ್ಲು ಬಿತ್ತು" ಎಂದರು.

ಮೂರು ದಿನ ಕಳೆದು ತಾಯಿ ಮಗ ಬಂದರು. ಮಗನನ್ನು ಹೊರಗೆ ಕೂರಿಸಿ ಅಮ್ಮನನ್ನು ಒಳಗೆ ಕರೆದೆ. ಅವರು ಸೆರಗಿನ ಮರೆ ಮಾಡಿಕೊಂಡು ನಾಚುತ್ತ ನಾಲಿಗೆ ಚಾಚಿದರು. ಡಾಕ್ಟರಮ್ಮ ದೀಪ ಹಿಡಿದವರೇ ಮುಖವರಳಿಸಿದರು. ತೆಳ್ಳಗಿನ, ಒಂದೇ ಸಮನಾದ ಬಿಳಿ ಪೊರೆ. ಬತ್ತಿದ್ದೂ ಇಲ್ಲ, ಬರವೂ ಇಲ್ಲ. ಬಹಳ ಒಳ್ಳೆಯ ನಾಲಿಗೆ ಎಂದು ನನ್ನನ್ನೂ ಕರೆದು ತೋರಿಸಿದರು.

ನಾನು ಅಷ್ಟರಲ್ಲಿ ಕೈಪಟ್ಟಿಯನ್ನು ಕಂಪ್ಯೂಟರಿಗೆ ಜೋಡಿಸಿದ್ದೆ. ಪಟ್ಟಿ ಕೆಟ್ಟಿದೆ ಎಂದುಕೊಂಡು ಮತ್ತೆ ಜೋಡಿಸಿದೆ. ಮೊದಲ ರಾತ್ರಿ ಸ್ವಲ್ಪ ಹೊರಳಾಟ. ಎರಡನೆಯ ರಾತ್ರಿ, ಮೈ ಹೊರಳುವುದನ್ನು ತೋರಿಸುವ ಗೆರೆ ಅಲುಗಾಡಿರಲೇ ಇಲ್ಲ. ಮೂರನೆಯ ರಾತ್ರಿಯೂ ಇಲ್ಲ, ಮಧ್ಯಾಹ್ನಗಳಲ್ಲೂ ಇಲ್ಲ.

"ಅಮ್ಮಾ, ನಿದ್ದೆ ಮಾಡಿದ್ರಾ?" ಎಂದೆ.

"ಮತ್ತೆ? ಮೈಲ್ಗಿಯಲ್ ಕೂಕಂಡವ್ರನ್ನ ಯಾರ್ ಏಳ್ಸತ್ರ್?"

ನಿದ್ದೆ ಬರುವವರನ್ನು ನಿದ್ದೆಯ ಪರೀಕ್ಷೆಗೆ ಸೇರಿಸಿಕೊಳ್ಳುವಂತಿಲ್ಲ. ನಿಮಗೆ ಪುಡಿ ಕೊಡಲಾಗುವುದಿಲ್ಲ ಎಂದು ಹೇಳಿದೆ. ಅವರು ಪುಡಿಯ ಬಗ್ಗೆ ಕೇಳಲೇ ಇಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಹೆಣೆ, ಮುಂಚೆ ತಿಂಗ್ಳಿಗ್ ಮೂರ್ ದಿನ ಹೊರಗ್ ಕೂಕಂತಿದ್ದೆ. ಅದ್ ನಿಂತ್ ಮೇಲೆ ನಂಗೆ ಯಾರೂ ರಜೆ ಕೊಡ್ಲಿಲ್ಲ. ಈ ಡಾಕ್ಟರ್ತಿ ಹತ್ರ ನನ್ ಮಗಂಗೆ ಒಂದ್ ಮಾತ್ ಹೇಳ್ಸ್. ತಿಂಗ್ಳಿಗ್ ಮೂರ್ ದಿನ ನಾಲ್ಗಿ ತಿಕ್ಕುಕಾಗ ಅಂದೇಳಿ."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಆ ಮಗ ಕೆಟ್ಟವರಲ್ಲ, ತಾಯಿಯನ್ನು ಕಣ್ಣಿನ ಹಾಗೆ ನೋಡಿಕೊಳ್ಳುವವರೇ. ಸಾಕು ಕೂತ್ಕೋ ಎಂದು ಅವರಾಗಲೀ, ಸಾಕು ಕೂತ್ಕೋತೇನೆ ಎಂದು ಈ ಅಮ್ಮನಾಗಲೀ ಕಾರಣವಿಲ್ಲದೆ ಹೇಳಲು ಕಲಿತಿರಲಿಲ್ಲ, ಅಷ್ಟೆ. ನಾನು ಸುಳ್ಳು ಹೇಳುವಂತಿರಲಿಲ್ಲ, ಅದು ಸಂಶೋಧನೆಯ ಜಾಗ. ಹಾಗಾಗಿ ಅಮ್ಮ ಅಂದದ್ದನ್ನು ಅಂದ ಹಾಗೇ, ಹೊರಗೆ ಕೂರುವುದೆಂದರೆ ಏನೆನ್ನುವುದನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಡಾಕ್ಟರಮ್ಮನಿಗೆ ಒಪ್ಪಿಸಿದೆ.

ಡಾಕ್ಟರಮ್ಮ ಮತ್ತೊಮ್ಮೆ ಅಮ್ಮನ ನಾಡಿ ಹಿಡಿದರು. ಆಮೇಲೆ ಮಗನನ್ನು ಒಳಗೆ ಕರೆಸಿದರು.

"ಪ್ರತಿ ತಿಂಗಳು. ಮೂರು ದಿನ. ನಾಲಿಗೆ ಉಜ್ಜಬಾರದು, ಕೆಲಸ ಮಾಡಬಾರದು. ಬಹಳ ಮುಖ್ಯ" ಎಂದರು. ಅವರ ಬಾಯಲ್ಲಿ ಅಷ್ಟು ಇಂಗ್ಲಿಷನ್ನು ಒಟ್ಟಿಗೆ ನಾನು ಕೇಳಿರಲಿಲ್ಲ.

"ಎಷ್ಟು ತಿಂಗಳು ಡಾಕ್ಟರ್?" ಎಂದರು ಮಗ.

ಡಾಕ್ಟರಮ್ಮ ದೀಪ ಹಾಕಿ ಅಮ್ಮನ ನಾಲಿಗೆಯನ್ನು ಇನ್ನೊಮ್ಮೆ ಗಂಭೀರವಾಗಿ ನೋಡಿ, "ನಿಲ್ಲಿಸಬೇಕಾದಾಗ ನಾನೇ ಹೇಳುತ್ತೇನೆ" ಎಂದರು.

ಅವರು ಯಾವತ್ತೂ ಹೇಳಲಿಲ್ಲ. ಸಂಶೋಧನೆ ಮುಗಿಯಿತು. ಪುಡಿಯಿಂದ ಏನಾಯಿತು ಎನ್ನುವುದಕ್ಕೆ, ಇನ್ನೂ ದೊಡ್ಡ ಪರೀಕ್ಷೆ ಬೇಕು ಎಂದು ಎಲ್ಲರೂ ಬರೆಯುವುದನ್ನೇ ನಾವೂ ಬರೆದೆವು. ಏಷ್ಯಾದವರ ಸಾಲಿನಲ್ಲಿ ಸೊನ್ನೆಯೇ ಉಳಿಯಿತು, ಪ್ರೊಫೆಸರು ನನ್ನ ಮೇಲೆ ಸ್ವಲ್ಪ ದಿನ ಮುನಿಸಿಕೊಂಡಿದ್ದರು. ನಾನು ಮಾತ್ರ ಲಂಡನ್ ಬಿಡುವವರೆಗೂ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದು ಆ ಹೋಟೆಲಿಗೆ ದೋಸೆ ತಿನ್ನಲು ಹೋಗುತ್ತಿದ್ದೆ. ಕೆಲವು ಸಲ ಚಟ್ನಿಯನ್ನು ಬಾಯಿಗಿಟ್ಟರೆ ಉಪ್ಪು ನಾಲಿಗೆ ಸುಡುತ್ತಿತ್ತು. ಅಂಥ ದಿನ ಪಕ್ಕದ ಟೇಬಲ್ಲಿನವರು ಮುಖ ಸಿಂಡರಿಸುತ್ತಿದ್ದರು. ನಾನು ತಲೆಯೆತ್ತಿ ಮಾಳಿಗೆಯ ಕಡೆ ಒಮ್ಮೆ ನೋಡಿ, ಅಮ್ಮ ಮಲಗಿದ್ದಾರೆ ಎಂದುಕೊಂಡು, ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ.