ರೊಟ್ಟಿ ಎಲ್ಲಾರದು, ಗುಳಿಗಿ ಅಲ್ಲ

ನನ್ನ ಸೋದರತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಕುತ್ತಿರಲಿಲ್ಲ. ಭತ್ತದ ಕೆಸರಿನಲ್ಲಿ ನಿಂತು ನಿಂತು ಬೆರಳ ಸಂದುಗಳು ಅಗಲವಾಗಿ, ಚರ್ಮ ಬೆಳ್ಳಗೆ ನೆನೆದು, ಉಗುರುಗಳು ದಪ್ಪವಾಗಿ ಹಳದಿಗೆ ತಿರುಗಿದ್ದವು. ಸಂಜೆ ಗದ್ದೆಯಿಂದ ಬಂದವಳೇ ಕಟ್ಟೆಯ ಮೇಲೆ ಕೂತು ಆ ಸಂದುಗಳಿಗೆ ಅರಿಸಿನ ಕಲೆಸಿದ ಎಣ್ಣೆ ಹಚ್ಚುತ್ತಿದ್ದಳು. ಆಗ ಯಾರಾದರೂ ಮಾತಾಡಿಸಿದರೆ ಸಿಟ್ಟು. "ದಿನಾ ದುಡಿದಾವ ಇವು. ಇವುಗಳ ಜೋಡಿ ಮಾತಾಡಾಕತ್ತೇನಿ, ನಡುವ ಬಾಯಿ ಹಾಕಬ್ಯಾಡ್ರಿ" ಎನ್ನುತ್ತಿದ್ದಳು.

ಬೋನಾಳದ ಕೆರೆ ದಾಟಿದರೆ ನಮ್ಮೂರು. ಕಾಲುವೆಯ ನೀರು ಬರುವ ಮೊದಲು ಅಲ್ಲೆಲ್ಲ ಜೋಳ, ಶೇಂಗಾ. ನೀರು ಬಂದದ್ದೇ ತಡ, ಒಣ ಹೊಲಗಳು ಗದ್ದೆಗಳಾದವು. ಸಸಿ ಹಚ್ಚಲು ಓಣಿಗೊಂದು ಹೆಂಗಸರ ಗುಂಪು ಕಟ್ಟಿಕೊಂಡಿತು. ನಮ್ಮ ಓಣಿಯ ಗುಂಪಿಗೆ ಅತ್ತೆಯೇ ಹಿರಿಯಳು. ಗಂಡ ತೀರಿಕೊಂಡ ಮೇಲೆ ತಮ್ಮನಾದ ನನ್ನ ಅಪ್ಪನ ಮನೆಗೆ ಬಂದು ನಮ್ಮ ಜೊತೆಗೇ ಇದ್ದಳು. ಗದ್ದೆಯ ಧಣಿಯೊಡನೆ ಜಗಳಾಡುವುದು, ಯಾರು ಯಾವ ಸಾಲು ಹಿಡಿಯಬೇಕೆಂದು ಹೇಳುವುದು ಅವಳ ಕೆಲಸ. ನನ್ನ ಅವ್ವ ಯಾವಾಗಲೂ ಅವಳ ಪಕ್ಕದ ಸಾಲು ಹಿಡಿಯುತ್ತಿದ್ದಳು.

ಆ ಗುಂಪಿನಲ್ಲೊಂದು ರೂಢಿಯಿತ್ತು. ಮಧ್ಯಾಹ್ನ ಬದುವಿನ ಮೇಲೆ ಒಂದು ಹಳೆಯ ಸೀರೆ ಹಾಸಿ, ಎಲ್ಲರ ಬುತ್ತಿಯನ್ನೂ ಅದರ ಮೇಲೆ ಬಿಚ್ಚಬೇಕು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಒಂದೇ ರಾಶಿ. ಇದು ನನ್ನದು ಎಂದು ಯಾರೂ ಅನ್ನುವಂತಿರಲಿಲ್ಲ. ಬರೀ ಉಪ್ಪು ಮೆಣಸಿನಕಾಯಿ ತಂದವಳಿಗೂ ಹೊಟ್ಟೆ ತುಂಬುತ್ತಿತ್ತು. ಆ ಸೀರೆಯ ಮೇಲೆ ಔಷಧವೂ ಬಂತು. ಕೆಸರಿನಲ್ಲಿ ಕಾಲು ಹುಣ್ಣಾಗಿ ಕೀವಾದವಳು ಸುರಪುರದ ಆಸ್ಪತ್ರೆಗೆ ಹೋಗಿ ಗುಳಿಗೆ ತಂದರೆ, ಎರಡು ದಿನ ನುಂಗಿ, ನೋವು ಇಳಿದ ಕೂಡಲೇ ಉಳಿದದ್ದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಡುತ್ತಿದ್ದಳು. ಮುಂದೆ ಯಾರ ಕಾಲು ಬಾತರೂ ಆ ಗಂಟು ಬಿಚ್ಚಿ ಕೊಡುವುದು. ತನ್ನೊಬ್ಬಳಿಗೇ ಇಟ್ಟುಕೊಂಡವಳು ಜಿಪುಣಿ ಎನಿಸಿಕೊಳ್ಳುತ್ತಿದ್ದಳು.

ಅವ್ವನಿಗೆ ಒಮ್ಮೆ ಕಿವಿಯ ಹಿಂದೆ ಬಾವು ಬಂದಾಗ ಒಂದು ದವಾಖಾನೆಯಲ್ಲಿ ಸೂಜಿ ಮಾಡಿದ್ದರು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದು, ತುಟಿ ಬಾತುಕೊಂಡಿತು. ಡಾಕ್ಟರು ಓಡಿಬಂದು ಇನ್ನೊಂದು ಸೂಜಿ ಕೊಟ್ಟು, ಇಡೀ ದಿನ ಅಲ್ಲೇ ಮಲಗಿಸಿಕೊಂಡರು. ಹೊರಡುವಾಗ, "ಈ ಔಷಧ ಈಕಿಗೆ ಆಗಂಗಿಲ್ಲ. ಇನ್ನ ಮುಂದ ಯಾವ ಡಾಕ್ಟರ್ ಕಡೆ ಹೋದ್ರೂ ಮೊದ್ಲ ಇದನ್ನ ಹೇಳ್ರಿ" ಎಂದರು. ಜೊತೆಗೆ ಹೋದವಳು ಅತ್ತೆಯೇ. ಆದರೆ ಅವಳು ಕಣ್ಣಾರೆ ಕಂಡದ್ದು ಸೂಜಿಯನ್ನು. ಔಷಧ ಯಾರ ಕಣ್ಣಿಗೆ ಬೀಳುತ್ತದೆ? ಹಾಗಾಗಿ ಅವ್ವನಿಗೆ ಸೂಜಿ ಆಗಿಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ನಿಕ್ಕಿಯಾಯಿತು. ಆಮೇಲೆ ಅತ್ತೆ ಅವ್ವನನ್ನು ಸೂಜಿಯ ಹತ್ತಿರ ಬಿಡುತ್ತಿರಲಿಲ್ಲ, ಅಷ್ಟು ಕಾಳಜಿ.

ನಾನು ಎರಡನೆಯ ತರಗತಿಯಲ್ಲಿದ್ದಾಗ ಅವ್ವನ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟು ಕೀವು ತುಂಬಿತು. ಅವಳು ಕುಂಟುತ್ತಲೇ ಗದ್ದೆಗೆ ಹೋದಳು. ಊಟದ ಹೊತ್ತಿಗೆ ಅತ್ತೆ ತನ್ನ ಸೆರಗಿನ ಗಂಟು ಬಿಚ್ಚಿ, ತನಗೆ ಬರೆದುಕೊಟ್ಟಿದ್ದರಲ್ಲಿ ಉಳಿದಿದ್ದ ಒಂದು ಕ್ಯಾಪ್ಸೂಲ್ ಕೊಟ್ಟಳು. ಅವ್ವ ಹಿಂದೆಮುಂದೆ ನೋಡಿದಳಂತೆ. ಅತ್ತೆ ಆಡಿದ ಮಾತನ್ನು ಗುಂಪಿನವರು ನನಗೆ ಎಷ್ಟೋ ಸಲ ಹೇಳಿದ್ದಾರೆ.

"ಸೂಜಿ ಅಲ್ಲ ತಂಗಿ, ಗುಳಿಗಿ. ನಿನಗ ಸೂಜಿ ಆಗಂಗಿಲ್ಲಂತನ ಇದನ್ನ ಇಟ್ಟೀನಿ. ತಗೋ."

ಅವ್ವ ನುಂಗಿದಳು. ಮತ್ತೆ ಗದ್ದೆಗಿಳಿದು ಸಾಲು ಹಿಡಿದಾಗ ಅಂಗೈ ಕೆರೆತ ಶುರುವಾಯಿತು. ಕೆಸರಿನ ಕೆರೆತವಿರಬೇಕೆಂದು ಕೈ ತೊಳೆದುಕೊಂಡಳು. ಆಮೇಲೆ ಕೊರಳು ಬಿಗಿಯಿತು, ಉಸಿರು ಕಟ್ಟಿತು. ಧಣಿಯ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸುರಪುರಕ್ಕೆ ಹೊರಟರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಆಸ್ಪತ್ರೆಯ ಡಾಕ್ಟರು ಏನು ಕೊಟ್ಟಿರಿ ಎಂದು ಕೇಳಿದರು. ಅತ್ತೆ ಎಲ್ಲವನ್ನೂ ಹೇಳಿದಳು. ಆಗ ಅವರು, ಅಂದಿನ ಸೂಜಿಯೂ ಈ ಗುಳಿಗೆಯೂ ಪೆನ್ಸಿಲಿನ್ ಎಂಬ ಒಂದೇ ಜಾತಿಯ ಔಷಧವಿರಬೇಕು, ಒಂದು ಆಗದವರಿಗೆ ಇನ್ನೊಂದೂ ಜೀವಕ್ಕೆ ಮುಳುವಾಗಬಹುದು ಎಂದು ಬಿಡಿಸಿ ಹೇಳಿದರು. ಅತ್ತೆಗೆ ನಂಬಿಕೆಯಾಗಲಿಲ್ಲ.

"ಸೂಜಿ ಬ್ಯಾರೆ, ಗುಳಿಗಿ ಬ್ಯಾರೆ ಅಲ್ಲೇನ್ರಿ ಸಾಹೇಬ್ರ?"

"ಕೊಡೋದು ಬ್ಯಾರೆ ಅಮ್ಮಾ. ಒಳಗಿನ ಔಷಧ ಒಂದs."

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ.

ನನಗೆ ನೆನಪಿರುವುದು ಅವ್ವನ ಪಾದಗಳು ಮಾತ್ರ. ಅಂಗಳದಲ್ಲಿ ಮಲಗಿಸಿದ್ದರು, ಹಿಮ್ಮಡಿಯಲ್ಲಿ ಕೆಸರು ಒಣಗಿ ಬಿರಿದಿತ್ತು. ಎಲ್ಲರೂ ನನ್ನನ್ನು ತಬ್ಬಿ ಅತ್ತರು. ನನಗೆ ಅಳು ಬರಲಿಲ್ಲ. ಅಪ್ಪ ಹಣೆಬರಹ ಎಂದು ಸುಮ್ಮನಾದ. ಮರುದಿನದಿಂದ ನನ್ನ ತಲೆ ಬಾಚಿದವಳು, ರೊಟ್ಟಿ ಬಡಿದು ಹಾಕಿದವಳು, ಶಾಲೆಗೆ ಕಳಿಸಿದವಳು ಅತ್ತೆ. ಅವಳ ಮೇಲೆ ನನಗೆ ಸಿಟ್ಟಿತ್ತೆ, ಪ್ರೀತಿಯಿತ್ತೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಹೇಳಲಾರೆ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದಂತೆ ಒಳಗೆ ಏನೋ ಇತ್ತು, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಆ ದಿನದ ಬಗ್ಗೆ ಅವಳೂ ನನ್ನೊಡನೆ ಎಂದೂ ಮಾತೆತ್ತಲಿಲ್ಲ.

ಗುಂಪಿನ ರೂಢಿಯನ್ನು ಮಾತ್ರ ಅವಳು ಮುರಿದಳು. "ರೊಟ್ಟಿ ಎಲ್ಲಾರದು, ಗುಳಿಗಿ ಅಲ್ಲ. ಗುಳಿಗಿ ಬರ್ಸಿಕೊಂಡಾಕಿದು" ಎಂದು ಬದುವಿನ ಮೇಲೆ ನಿಂತು ಹೇಳಿದಳು. ಯಾರ ಸೆರಗಿನಲ್ಲಿ ಗಂಟು ಕಂಡರೂ ಬಿಚ್ಚಿಸಿ ನೋಡುತ್ತಿದ್ದಳು. ಹುಣ್ಣು ಮಾಯಿತೆಂದು ಯಾರಾದರೂ ನಡುವೆ ಬಿಟ್ಟರೆ, "ನೋವು ಹೋದ್ರ ಬ್ಯಾನಿ ಹೋತೇನು? ಡಾಕ್ಟರ್ ಎಷ್ಟ್ ಹೇಳ್ಯಾರ ಅಷ್ಟೂ ನುಂಗು" ಎಂದು ಬೆನ್ನು ಬೀಳುತ್ತಿದ್ದಳು. ನೆಗಡಿಗೆಲ್ಲ ಅಂಗಡಿಯಲ್ಲಿ ಆ ಕ್ಯಾಪ್ಸೂಲ್ ಕೇಳಿ ತರುವವರನ್ನಂತೂ ಓಣಿಯಲ್ಲೇ ನಿಲ್ಲಿಸಿ ಬೈದದ್ದುಂಟು. ಕಾಯಿಲೆಯವರ ಜೊತೆ ತಾನೇ ಸುರಪುರಕ್ಕೆ ಹೋಗುತ್ತಿದ್ದಳು. ಡಾಕ್ಟರು ಬರೆಯಲು ಶುರುಮಾಡುವ ಮೊದಲೇ, "ತಡೀರಿ ಸಾಹೇಬ್ರ, ಈಕಿಗಿ ಏನರ ಆಗಂಗಿಲ್ಲೇನು ಕೇಳ್ರಿ ಮೊದ್ಲ" ಎನ್ನುವಳು. ಕೇಳಿಯೇ ಬರೆಯುತ್ತೇನೆಂದು ಅವರು ರೇಗಿದರೂ ಮುಂದಿನ ಸಲ ಮತ್ತೆ ಅದೇ ಮಾತು.

ಅದೊಂದು ಹುಚ್ಚೇ ಆಗಿತ್ತು ಎನ್ನಬೇಕು. ಶಹಾಪುರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಹೊಲಮನೆ ವಿಚಾರಿಸುವುದು ಬಿಟ್ಟು, "ನಿಮ್ಮ ಹುಡುಗಗ ಯಾವ ಔಷಧಿ ಆಗಂಗಿಲ್ಲ?" ಎಂದು ಕೇಳಿದಳು. ಬೀಗರು ಮುಖಮುಖ ನೋಡಿಕೊಂಡರು. ಹುಡುಗನಿಗೇನೋ ರೋಗವಿದೆಯೆಂದು ಯಾರೋ ಚಾಡಿ ಹೇಳಿರಬೇಕೆಂದು ಅವರ ಭಯ. ಆ ಸಂಬಂಧ ಹೇಗೋ ಕೂಡಿಬಂತು. ನನ್ನ ಗಂಡ ಈಗಲೂ ಅದನ್ನು ಹೇಳಿ ನಗುತ್ತಾನೆ. ನನಗೆ ಸಣ್ಣ ಜ್ವರ ಬಂದರೂ ಅವಳಿಗೆ ನಡುಕ. ತಾಯಿಗೆ ಆಗದಿದ್ದರೆ ಮಗಳಿಗೂ ಆಗಬಾರದೆಂದೇನಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ, ನಾನು ಗುಳಿಗೆ ನುಂಗಿದ ಮೇಲೆ ನನ್ನ ತುಟಿಯನ್ನೇ ನೋಡುತ್ತ ಕೂರುತ್ತಿದ್ದಳು.

ವಯಸ್ಸಾದ ಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಅಗಲವಾಗಿದ್ದ ಆ ಬೆರಳ ಸಂದಿನಲ್ಲೇ ಹುಣ್ಣೆದ್ದು, ಪಾದ ಕೆಂಪಗೆ ಬಾತುಕೊಂಡಿತು. ನಾನು ಶಹಾಪುರದಿಂದ ಹೋಗಿ ಆಸ್ಪತ್ರೆಗೆ ಕರೆದೊಯ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹುಣ್ಣು ತೊಳೆದು ಕಟ್ಟಿ, ತಡಮಾಡಿದರೆ ಬೆರಳು ತೆಗೆಯಬೇಕಾದೀತು ಎಂದರು. ಪೆನ್ಸಿಲಿನ್ ಜಾತಿಯ ಗುಳಿಗೆ ಬರೆಯುವ ಮೊದಲು ತಾವಾಗಿಯೇ ಕೇಳಿದರು. "ಅಜ್ಜಿ, ಇದನ್ನ ಮೊದಲು ತಗೊಂಡಿದ್ರಾ? ಆಗಿಬಂದಿತ್ತಾ?"

"ನನಗ ಆಗ್ತದ್ರಿ ಯವ್ವಾ" ಎಂದಳು ಅತ್ತೆ. "ಆಗಲಾರದಾಕಿ ಹೋಗ್ಯಾಳ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಊಟವಾದ ಮೇಲೆ ತೆಗೆದುಕೊಳ್ಳಿ, ಹೇಳಿದಷ್ಟು ದಿನ ಬಿಡಬೇಡಿ, ಮೈ ಕೆರೆದರೆ ನಿಲ್ಲಿಸಿ ಕೂಡಲೇ ಬನ್ನಿ, ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದರೆ ಅವಳು ಗುಳಿಗೆ ನುಂಗಲೊಲ್ಲಳು. ಊಟ ಮಾಡಿದಳು, ನೀರಿನ ಚಂಬು ಕೈಯಲ್ಲಿ ಹಿಡಿದಳು, ಬಾಯಿ ಬಿಡಲಿಲ್ಲ. ಓಣಿಯವರಿಗೆಲ್ಲ ಕಾವಲು ನಿಂತು ನುಂಗಿಸಿದವಳು ಹೀಗೆ ಹಟ ಹಿಡಿದರೆ ಏನು ಮಾಡುವುದು? ಬೆರಳು ಹೋದೀತು ಎಂದೆ. "ಹೋಗ್ಲಿ" ಎಂದಳು. ಜೀವಕ್ಕೇ ಬಂದೀತು ಎಂದೆ. ಚಂಬು ಕೆಳಗಿಟ್ಟಳು. ಕಾಲು ನೋಡುತ್ತ ಹೇಳಿದಳು.

"ನಿಮ್ಮವ್ವಗ ನಾನs ಕೊಟ್ಟಿದ್ದೆ."

"ಗೊತ್ತದ ಅತ್ತಿ."

"ಯಾವಾಗಿಂದ?"

"ಅವತ್ತಿಂದ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆದು ಅಂಗೈಯಲ್ಲಿಟ್ಟು ಚಾಚಿದೆ. "ತಗೋ" ಎಂದೆ. ಅವ್ವ ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದೆಂದು ಹೊಳೆದದ್ದು ಅಂದ ಮೇಲೆಯೇ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನುಂಗಿದಳು. ಹೇಳಿದಷ್ಟು ದಿನವೂ ನನ್ನ ಕೈಯಿಂದಲೇ ತೆಗೆದುಕೊಂಡಳು. ಬೆರಳು ಉಳಿಯಿತು.

ಆಮೇಲೆಯೂ ಕೆಲವು ವರ್ಷ ಬದುಕಿದ್ದಳು. ಕಾಲುವೆಯ ನೀರು ನಿಲ್ಲಿಸಿದ್ದ ಒಂದು ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅವಳ ಮಣ್ಣಿಗೆ ಹೋದಾಗಲೂ ನಾನು ಅಳಲಿಲ್ಲ. ಕಲ್ಲೆದೆಯವಳು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು, ಇರಬಹುದು ಅನಿಸಿತು.

ದಿವಸದ ಕಾರ್ಯ ಮುಗಿದು ನಾನು ಶಹಾಪುರಕ್ಕೆ ಹೊರಡುವ ಬೆಳಿಗ್ಗೆ ಗುಂಪಿನವಳೊಬ್ಬಳ ಸಣ್ಣ ಸೊಸೆ ಬಂದಳು. ಕುಡುಗೋಲು ತಾಗಿದ ಬೆರಳು ಬಾತು ಕೀವಾಗಿತ್ತು. ಕೈಯಲ್ಲಿ ಗಂಟು ಕಟ್ಟಿದ ಎರಡು ಕ್ಯಾಪ್ಸೂಲ್. "ದೊಡ್ಡವ್ವ ಇದ್ದಿದ್ರ ಕೇಳ್ತಿದ್ದೆ. ಇವು ನಮ್ಮತ್ತಿ ಕೊಟ್ಟಾಳ. ನುಂಗ್ಲೇನ್ರಿ?" ಎಂದಳು.

"ಯಾರಿಗಿ ಬರ್ದಿದ್ದು ಇವು? ಬ್ಯಾಡ, ತಗೀ. ದವಾಖಾನಿಗಿ ಹೋಗು. ನಿನಗ ಮೊದ್ಲ ಯಾವ ಔಷಧಿಲೆ ಮೈ ಕೆರದಿತ್ತು, ಬಾತಿತ್ತು ಅಂತ ಅಲ್ಲಿ ನೀನs ಹೇಳು, ಅವರು ಕೇಳಲಿ ಬಿಡಲಿ." ಮಾತು ತಾನಾಗಿ ಬಂತು, ಅತ್ತೆಯ ಧಾಟಿಯಲ್ಲೇ. ಇಷ್ಟು ಹೇಳಿದ ಮೇಲೆ ಅತ್ತೆ ತಪ್ಪದೆ ಇನ್ನೊಂದು ಮಾತು ಸೇರಿಸುತ್ತಿದ್ದಳು: ನಮ್ಮಾಕಿ ಒಬ್ಬಾಕಿ ಹಿಂಗ ಹೋಗ್ಯಾಳ. ಆ ಹುಡುಗಿ ಅದಕ್ಕೇ ಕಾಯುತ್ತ ನಿಂತಿದ್ದಳು.

"ನಮ್ಮವ್ವ ಹಿಂಗ ಹೋಗ್ಯಾಳ" ಎಂದೆ.

ಈ ಮಾತನ್ನು ನಾನು ಅಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹುಡುಗಿ ಗಂಟನ್ನು ಅಲ್ಲೇ ಬಿಟ್ಟು ಹೋದಳು. ನಾನು ಅತ್ತೆಯ ಕಟ್ಟೆಯ ಮೇಲೆ ಕೂತೆ. ಎಣ್ಣೆಯ ಬಟ್ಟಲು ಇನ್ನೂ ಅಲ್ಲೇ ಇತ್ತು. ಅಳು ಬಂತು. ಯಾರಿಗಾಗಿ ಎಂದು ಬೇರೆ ಮಾಡಿ ಹೇಳಲು ಆಗಲಿಲ್ಲ, ಇಬ್ಬರೂ ಒಟ್ಟಿಗೇ ಬಂದರು.