ನಿಮ್ಮಮ್ಮನ ಮೊಣಕಾಲಿನ ಭಯ

ಚಂದನಾ, ಪ್ರಮೋದ — ನಿಮ್ಮಮ್ಮ ಕಾಲೆಳೆದು ನಡೆಯುವುದು ಆಪರೇಷನ್ ಕೆಟ್ಟಿದ್ದರಿಂದ ಅಲ್ಲ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕೆಡಿಸಿದವಳು ನಾನು, ನಿಮ್ಮ ಅಜ್ಜಿ. ಡಾಕ್ಟರು ಹೇಳಿದ್ದೊಂದು, ನಾನು ಅವಳಿಗೆ ಹೇಳಿದ್ದೊಂದು. ಇದನ್ನು ನಾಲ್ಕು ಜನರೆದುರು ಹೇಳಲು ನನಗೆ ಬಾಯಿಲ್ಲ, ಅದು ನಿಮಗೂ ಗೊತ್ತು. ಬರೆದರೆ ಹೇಗೋ... ಹಳ್ಳಿ ಸ್ಕೂಲಿನ ಅಕ್ಷರ, ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ನಿಮ್ಮಮ್ಮ ಖೋ ಖೋ ಆಡುತ್ತಿದ್ದಳು. ಈಗ ಹೊಲಿಗೆ ಮಿಷನ್ನನ್ನೂ ಒಂದೇ ಕಾಲಲ್ಲಿ ತುಳಿಯುವ ಈ ಸವಿತ, ಆಗ ನರಸೀಪುರದ ಕಾಲೇಜು ಮೈದಾನದಲ್ಲಿ ಕಂಬ ಹಿಡಿದು ತಿರುಗಿದರೆ ಮುಟ್ಟುವವರಿರಲಿಲ್ಲ. ಡ್ರಿಲ್ ಮೇಡಂ ಆಗಬೇಕೆನ್ನುವುದೊಂದೇ ಅವಳ ಆಸೆ. ಆ ಓದಿಗೆ ಸೇರಬೇಕಾದರೆ ಓಡಿ ತೋರಿಸಬೇಕಿತ್ತು. ಅಷ್ಟರಲ್ಲಿ ಆಡುವಾಗ ಕಾಲು ತಿರುಚಿ ಬಿದ್ದಳು. ಮೊಣಕಾಲೊಳಗಿನ ಲಿಗಮೆಂಟ್ ಹರಿದಿದೆ ಅಂದರು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ಮನೆಗೆ ಕರೆತಂದೆ. ನಿಮ್ಮ ತಾತ ಆಗಲೇ ಇರಲಿಲ್ಲ. ಎಲ್ಲಕ್ಕೂ ನಾನೊಬ್ಬಳೇ.

ಆಮೇಲೆ ಶುರುವಾಯಿತು ನೋಡಲು ಬರುವವರ ಕಾಟ. ಮಲಗಿದವರನ್ನು ನೋಡಲು ಹೋಗದಿದ್ದರೆ ನಮ್ಮ ಕಡೆ ತಪ್ಪು ತಿಳಿಯುತ್ತಾರೆ. ಬರಿಗೈಯಲ್ಲಿ ಬರುವ ಹಾಗಿಲ್ಲ, ಬಂದು ಬಾಯಿ ಮುಚ್ಚಿ ಕೂರುವ ಹಾಗೂ ಇಲ್ಲ. ಬ್ರೆಡ್ಡು, ಮೂಸಂಬಿ ಮಂಚದ ತುದಿಗಿಟ್ಟು ತಾವು ಕಂಡ ಕುಂಟರ ಕಥೆಯನ್ನೆಲ್ಲ ತೆಗೆಯುತ್ತಿದ್ದರು. ಹೆಡತಲೆ ಊರಿನಿಂದ ಬಂದ ನನ್ನ ಚಿಕ್ಕಮ್ಮ ಕೂತವಳೇ ಅಂದಳು —

"ಕಾಲು ಊರಿಗೀರೀಯ ಕಣವ್ವ. ನಮ್ಮಳ್ಳಿ ಮಾದೇವಂಗೂ ಇಂಗೇ ಕುಯ್ದಿದ್ರು. ಎದ್ದು ನಡ್ದ ನೋಡು, ಒಳಗಿನ ಒಲಿಗೆಯೆಲ್ಲ ಬಿಚ್ಕೊಂತು. ಈಗ ಕೋಲೇ ಗತಿ."

"ಅವನು ತೆಂಗಿನ ಮರದಿಂದ ಬಿದ್ದಿದ್ದಲ್ವಾ ಅಜ್ಜಿ?" ಅಂದಳು ಸವಿತ.

"ಯಾವುದ್ರಿಂದ ಬಿದ್ರೇನು. ಕಾಲು ಕಾಲೇ ತಾನೆ."

ಸವಿತ ನಕ್ಕಳು. ಆದರೆ ಚಿಕ್ಕಮ್ಮ ಹೋದ ಮೇಲೆ ನೋಡುತ್ತೇನೆ — ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಡುತ್ತಿದ್ದಾಳೆ, ಯಾರದೋ ಸಾಮಾನಿನ ಹಾಗೆ. ನನಗೀಗ ಸಿಟ್ಟು ಬರುವುದು ಬಂದವರ ಮೇಲಲ್ಲ. ಅವರಿಗೆಲ್ಲ ಕಾಫಿ ಮಾಡಿಕೊಟ್ಟು "ಇನ್ನೂ ಸ್ವಲ್ಪ ಕೂತ್ಕೊಳ್ಳಿ" ಅಂದ ನನ್ನ ಮೇಲೆ. ತಟ್ಟೆಯನ್ನು ಮಂಚಕ್ಕೇ ಒಯ್ದೆ, ನೀರನ್ನು ಬಾಯಿಗೇ ಹಿಡಿದೆ. ಕಾಲು ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳುವುದೇ ಪ್ರೀತಿ ಅಂದುಕೊಂಡಿದ್ದೆ. ಎಂಥ ಬುದ್ಧಿ.

ಮೈಸೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನಿಗೆ ಇದು ಗೊತ್ತಾಗಿಹೋಯಿತು. ಒಂದು ದಿನ ಸವಿತಳನ್ನು ಹೊರಗೆ ಗೋಡೆ ಹಿಡಿದು ನಡೆಯಲು ಕಳಿಸಿ, ನನ್ನನ್ನು ಕೂರಿಸಿಕೊಂಡರು.

"ಅಮ್ಮ, ಕಾಲು ವಾಸಿಯಾಗ್ತಾ ಇದೆ, ಭಯ ವಾಸಿಯಾಗಿಲ್ಲ. ಸ್ವಲ್ಪ ನೋವು ಬಂದ್ರೆ ಒಳಗೆ ಕಿತ್ತುಹೋಯ್ತು ಅಂದ್ಕೊಂಡು ಬಿಟ್ಟುಬಿಡ್ತಾಳೆ. ಮಡಿಸುವಾಗ ಆ ನೋವು ಇರೋದೇ ಅಂತ ಹೇಳಿ. ಅವಳ ಕೆಲಸ ಅವಳೇ ಮಾಡ್ಕೊಳ್ಳಲಿ, ಯಾರೂ ಹೆದರಿಸಬೇಡಿ. ಧೈರ್ಯ ಬಂದ್ರೆ ಮುಂದೆ ಓಡ್ತಾಳೆ. ನಾನು ಹೇಳಿದ್ರೆ ನಂಬ್ತಿಲ್ಲ, ನೀವು ಹೇಳಿದ್ರೆ ನಂಬ್ತಾಳೆ."

ಆಯಿತು ಅಂತ ತಲೆಯಾಡಿಸಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅವಳು ಕೇಳಿದಳು, "ಏನಂದ್ರವ್ವ ಡಾಕ್ಟ್ರಮ್ಮ?"

"ಜ್ವಾಪಾನವಾಗಿರಬೇಕಂತೆ ಕಣವ್ವ. ಓಡೋದು ಗೀಡೋದು ಇನ್ನು ಆಗಕಿಲ್ವಂತೆ."

"ಅವರೇ ಅಂದ್ರಾ?"

"ಊಂ."

ಇಷ್ಟೇ. ಆಮೇಲೆ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು. ಊರು ಬರುವವರೆಗೆ ಈ ಕಡೆ ತಿರುಗಲಿಲ್ಲ.

ಯಾಕೆ ಹಾಗೆ ಹೇಳಿದೆ — ಸಾಕಾಗಿತ್ತು ಅಂತ ಬರೆಯಬಹುದು. ಹೆಣ್ಣು ಹುಡುಗಿಗೆ ಚಡ್ಡಿ ಹಾಕಿಸಿ ಓಡಿಸಿದ್ದಕ್ಕೆ ಹೀಗಾಯ್ತಲ್ಲ ಅನ್ನುವವರ ಮಾತು ಕೇಳಿ ರೋಸಿಹೋಗಿದ್ದೆ ಅಂತಲೂ. ಎರಡೂ ನಿಜ. ಆದರೆ ಅದರ ಕೆಳಗೆ ಇನ್ನೊಂದಿದೆ. ಯಾವಾಗಲೂ ಮೈದಾನದಲ್ಲೇ ಇರುತ್ತಿದ್ದ ಹುಡುಗಿ ಬಿದ್ದ ಮೇಲೆ ದಿನವೆಲ್ಲ ಮನೆಯಲ್ಲಿರುತ್ತಿದ್ದಳು. ಒಂದು ಲೋಟ ನೀರಿಗೂ "ಅವ್ವಾ" ಅಂತ ಕರೆಯುತ್ತಿದ್ದಳು. ಅದು ನನಗೆ... ಹಿತವಾಗಿತ್ತು. ಹೇಳಿಬಿಟ್ಟೆ. ಇದನ್ನು ಕ್ಷಮಿಸಿ ಅಂತ ಕೇಳುತ್ತಿಲ್ಲ.

ಅಂದಿನಿಂದ ಅವಳು ನೋವು ಬಂದ ಕೂಡಲೇ ವ್ಯಾಯಾಮ ನಿಲ್ಲಿಸತೊಡಗಿದಳು. "ಬಿಟ್ಬುಡವ್ವ" ಅನ್ನಲು ನಾನಿದ್ದೇನಲ್ಲ. ಮೈಸೂರಿಗೆ ಹೋಗುವುದೂ ನಿಂತಿತು, ಮೊಣಕಾಲು ಬಿಗಿದುಕೊಂಡಿತು. ಒಂದು ಸಂಜೆ ನನಗೆ ಹೇಳದೆ ಒಬ್ಬಳೇ ಮೈದಾನಕ್ಕೆ ಹೋಗಿದ್ದಳಂತೆ. ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಓಡೋಣ ಅಂತ ನಿಂತ್ಕೊಂಡೆ ಕಣವ್ವ. ಕಾಲು ಮುಂದಕ್ಕೆ ಬರಲೇ ಇಲ್ಲ. ಡಾಕ್ಟ್ರಮ್ಮ ಓಡ್ಬೇಡ ಅಂದಿದ್ದು ನೆನಪಾಗ್ಬುಡ್ತು."

ಆಗ ಹೇಳಬಹುದಿತ್ತು. ಅವರು ಹಾಗೆ ಅನ್ನಲೇ ಇಲ್ಲ ಅಂತ ಒಂದು ಮಾತು. ನಾನು ಒಲೆ ಕಡೆಗೆ ತಿರುಗಿಕೊಂಡು, "ಸಾರು ಆಯ್ತು, ಕೈ ತೊಳ್ಕೊ" ಅಂದೆ. ಆ ವರ್ಷ ಅವಳು ಅರ್ಜಿ ಹಾಕಲಿಲ್ಲ. ಮುಂದೆ ನಂಜನಗೂಡಿಗೆ ಮದುವೆಯಾಗಿ ಹೋದಳು.

ಹೋದ ರಜೆಯಲ್ಲಿ ನಾವೆಲ್ಲ ಕಪಿಲೆ ಹೊಳೆಗೆ ಹೋಗಿದ್ದೆವಲ್ಲ. ನೀವಿಬ್ಬರೂ ಮೆಟ್ಟಿಲು ಹಾರಿಕೊಂಡು ಇಳಿದಿರಿ, ಅವಳು ಮೇಲೆಯೇ ನಿಂತಳು. ಪ್ರಮೋದ, ನೀನು "ಅಮ್ಮ ಪುಕ್ಕಲು" ಅಂತ ಕೂಗಿದೆ. ಅವಳು ನಗುತ್ತಲೇ ಅಂದಳು, "ಹೌದು ಕಣೋ. ಅವ್ವ ಎಷ್ಟು ನೋಡ್ಕೊಂಡ್ಲು, ನನಗೇ ಧೈರ್ಯ ಇರಲಿಲ್ಲ." ನಾನು ಅಲ್ಲೇ ಬಟ್ಟೆ ಹಿಂಡುತ್ತಿದ್ದೆ. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು — ಜನರೆದುರು ಒಂದು ಮಾತು ನೆಟ್ಟಗೆ ಆಡಲಾರದವಳು, ಆಡಬಾರದ ಮಾತೊಂದನ್ನು ಮಾತ್ರ ಎಷ್ಟು ಸಲೀಸಾಗಿ ಆಡಿದ್ದೆ.

ಕುಂಟುವುದು ಹಾಗಿರಲಿ. ಇಷ್ಟು ವರ್ಷ ತಾನೇ ಹೇಡಿ ಅಂದುಕೊಂಡು ಬದುಕಿದ್ದಾಳಲ್ಲ, ಅದನ್ನು ನಾನು ಕಣ್ಣು ಮುಚ್ಚುವ ಮೊದಲು ತೆಗೆಯಬೇಕು. ಭಾನುವಾರ ನೀವು ಮೂವರೂ ಬಂದಾಗ ಇದನ್ನು ಮೊದಲು ಅವಳ ಕೈಗೇ ಕೊಡುತ್ತೇನೆ. ಓದಿ ಏನಂದರೂ ಅನ್ನಲಿ. ಇನ್ನು ನಮ್ಮ ಮನೆಗೆ ಬರಬೇಡ ಅಂದರೆ ಬರುವುದಿಲ್ಲ.

ನನಗಿರುವ ದಿಗಿಲೇ ಬೇರೆ. ಅವಳು ಬಯ್ಯದೆ ಇರಬಹುದು. ಮಕ್ಕಳ ಕಣ್ಣಿಗೆ ಅಜ್ಜಿ ಸಣ್ಣವಳಾಗಬಾರದು ಅಂತ ಇದನ್ನು ಒಲೆಗೆ ಹಾಕಿ, ಏನೂ ಇರಲಿಲ್ಲ ಬಿಡಿ ಅಂದುಬಿಡಬಹುದು, ಅಂಥವಳು ಅವಳು. ಅದಕ್ಕೇ ಈ ಕೊನೆಯ ಹಾಳೆಯನ್ನು ಮಾತ್ರ ಮೊದಲೇ ನಿಮ್ಮ ಕೈಗೆ ಕೊಟ್ಟಿರುತ್ತೇನೆ. ಹಾಕಲು ಬಿಡಬೇಡಿ. ಅವಳ ಕೈಯಿಂದ ಇಸಿದುಕೊಂಡು ಈ ಹಾಳೆಗಳನ್ನು ನಿಮ್ಮ ಹತ್ತಿರವೇ ಜೋಪಾನವಾಗಿ ಇಟ್ಟುಕೊಳ್ಳಿ.